‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರವನ್ನು ಮನೆಯಲ್ಲಿ ಮತ್ತೆ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗ್ದಾದಿನ ಕಳ್ಳನ ಹೆಸರಿನಲ್ಲಿ ಹಲವು ಚಿತ್ರಗಳಿವೆಯಲ್ಲ, ಇಲ್ಲಿ ಹೇಳುತ್ತಿರುವುದು ಯಾವುದರ ಬಗ್ಗೆ?

1940ರ ಡಿಸೆಂಬರಿನಲ್ಲಿ ತೆರೆಗೆ ಬಂದ, ಅಲೆಕ್ಸಾಂಡರ್ ಕೋರ್ಡಾ ನಿರ್ಮಿಸಿದ ಟೆಕ್ನಿಕಲರ್ ಎಂಬ ವಿಧಾನದ ವರ್ಣಚಿತ್ರದ ಬಗ್ಗೆ. ಮೈಸೂರು ಸೀಮೆಯ ಸಾಬು ಇದರಲ್ಲಿ ಅಬು ಎಂಬ ಕಳ್ಳ ಹುಡುಗನಾಗಿಯೂ, ಜರ್ಮನಿಯ ಕಾನ್ರಾಡ್ ಫೈಟ್ ಜಾಫರ್ ಎಂಬ ಮಾಟಗಾರ ವಜೀರನಾಗಿಯೂ ನಟಿಸಿದ್ದಾರೆ. ಇದೇ ಹೆಸರಿನ ಮೂಕಿ ಚಿತ್ರವೊಂದು 1924ರಲ್ಲಿ ಬಂದಿತ್ತು. ರೌಲ್ ವಾಲ್ಷ್ ನಿರ್ದೇಶಿಸಿದ ಆ ಚಿತ್ರದಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಕಳ್ಳನ ಪಾತ್ರ ವಹಿಸಿದ್ದರು. 1961ರಲ್ಲಿ ಸ್ಟೀವ್ ರೀವ್ಸ್ ನಟಿಸಿದ ಇನ್ನೊಂದು, 1978ರಲ್ಲಿ ಕಬೀರ್ ಬೇಡಿ ರಾಜಕುಮಾರನಾಗಿದ್ದ ಮತ್ತೊಂದು ಬಂದವು. ಆದ್ದರಿಂದ ಡಿಸ್ಕ್ ಕೊಳ್ಳುವಾಗಲಾಗಲೀ ಬಾಡಿಗೆಗೆ ತರಿಸುವಾಗಲಾಗಲೀ ಹೆಸರೊಂದನ್ನೇ ನಂಬದೆ, ವರ್ಷವನ್ನೂ ನಟರ ಹೆಸರುಗಳನ್ನೂ ನೋಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

1924ರ ಚಿತ್ರಕ್ಕೂ ಇದಕ್ಕೂ ಹೆಸರಿನ ನಂಟಿಗಿಂತ ದೊಡ್ಡದೊಂದು ವ್ಯತ್ಯಾಸವಿದೆ. ಅಲ್ಲಿ ಕಳ್ಳನೂ ಪ್ರೇಮಿಯೂ ಒಬ್ಬನೇ. ಇಲ್ಲಿ ಅವನನ್ನು ಇಬ್ಬರಾಗಿ ಸೀಳಿದ್ದಾರೆ: ಸಿಂಹಾಸನ ಕಳೆದುಕೊಂಡು ರಾಜಕುಮಾರಿಗಾಗಿ ಹಂಬಲಿಸುವ ದೊರೆ ಅಹ್ಮದ್ ಒಬ್ಬ, ಬಜಾರಿನಲ್ಲಿ ಮೀನು ಕದ್ದು ತಿಂದು ಬದುಕುವ ಅಬು ಇನ್ನೊಬ್ಬ. ಹೀಗೆ ಸೀಳಿದ್ದರಿಂದ ಪ್ರೇಮದ ಭಾರವೆಲ್ಲ ಅಹ್ಮದನ ಪಾಲಿಗೂ, ಸಾಹಸದ ಖುಷಿಯೆಲ್ಲ ಅಬುವಿನ ಪಾಲಿಗೂ ಹೋಯಿತು. ಈ ಚಿತ್ರ ಮಕ್ಕಳ ಚಿತ್ರವಾಗಿ ಇಂದಿಗೂ ಉಳಿದಿರುವುದಕ್ಕೆ ಈ ಪಾಲುಪಟ್ಟಿಯೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಕಥೆ ಮರೆತುಹೋಗಿದೆ. ಸ್ಥೂಲವಾಗಿ ನೆನಪಿಸಬಹುದೇ?

ಜಾಫರನ ಹಡಗು ಬಸ್ರಾ ಬಂದರಿಗೆ ಬರುವುದರೊಂದಿಗೆ ಚಿತ್ರ ಆರಂಭವಾಗುತ್ತದೆ. ಅದೇ ಊರಿನಲ್ಲಿ ಕುರುಡನೊಬ್ಬ ನಾಯಿಯೊಂದನ್ನು ಜೊತೆಗಿಟ್ಟುಕೊಂಡು ಭಿಕ್ಷೆ ಬೇಡುತ್ತಿರುತ್ತಾನೆ. ಆ ಕುರುಡನೇ ಬಾಗ್ದಾದಿನ ದೊರೆ ಅಹ್ಮದ್, ಆ ನಾಯಿಯೇ ಅಬು; ಇಬ್ಬರೂ ಜಾಫರನ ಶಾಪಕ್ಕೆ ಸಿಕ್ಕವರು. ಹೀಗೇಕಾಯಿತು ಎಂಬುದನ್ನು ಅಹ್ಮದನೇ ಹಿಂದಿನ ಕಥೆಯಾಗಿ ಹೇಳುತ್ತಾನೆ. ಮೊದಲ ಸಲ ನೋಡುವ ಮಕ್ಕಳು ಈ ಹಿಂದುಮುಂದಿನ ಜೋಡಣೆಯಲ್ಲಿ ತಲೆಬುಡ ತಿಳಿಯದೆ ಗೊಂದಲಕ್ಕೆ ಬೀಳುವುದುಂಟು. ‘ಇದು ಹಿಂದೆ ನಡೆದದ್ದು’ ಎಂದು ಪಕ್ಕದಲ್ಲಿ ಕುಳಿತವರು ಒಂದು ಮಾತು ಹೇಳಿದರೆ ಸಾಕಾಗುತ್ತದೆ. ಶಾಪ ಕಳೆದ ಮೇಲೆ ಬರುವ ಬಿರುಗಾಳಿ, ಸೀಸೆಯೊಳಗಿನ ಜಿನ್, ಸರ್ವವನ್ನೂ ಕಾಣುವ ಕಣ್ಣು, ಹಾರುವ ಜಮಖಾನ ಇವೆಲ್ಲ ನೇರವಾಗಿ, ಒಂದರ ಹಿಂದೆ ಒಂದಾಗಿ ಸಾಗುತ್ತವೆ.

ಶೀರ್ಷಿಕೆಯಲ್ಲಿ ಮೂವರು ನಿರ್ದೇಶಕರ ಹೆಸರಿದೆ. ಇದು ಹೇಗೆ?

ಲುಡ್ವಿಗ್ ಬರ್ಗರ್, ಮೈಕೆಲ್ ಪೊವೆಲ್, ಟಿಮ್ ವೀಲನ್ ಈ ಮೂವರ ಹೆಸರು ತೆರೆಯ ಮೇಲಿದೆ. ತೆರೆಯ ಮೇಲೆ ಹೆಸರಿಲ್ಲದೆ ನಿರ್ದೇಶನದಲ್ಲಿ ಕೈಯಾಡಿಸಿದವರು ಇನ್ನೂ ಮೂವರಿದ್ದಾರೆ: ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ, ಅವರ ತಮ್ಮ ಝೋಲ್ಟಾನ್ ಕೋರ್ಡಾ ಮತ್ತು ವಿಲಿಯಂ ಕ್ಯಾಮೆರಾನ್ ಮೆನ್ಝೀಸ್. ಈ ಮೆನ್ಝೀಸ್ ಅವರೇ 1924ರ ಮೂಕಿ ಚಿತ್ರದ ಭವ್ಯ ಸೆಟ್‌ಗಳನ್ನು ರೂಪಿಸಿದ್ದವರು.

ಬರ್ಗರ್ ಇದನ್ನು ಸಂಗೀತವೇ ಮುಂದಾಗಿ ನಡೆಸುವ, ಅಪೆರೆಟಾ ಎಂಬ ಲಘು ಸಂಗೀತ ನಾಟಕದ ಮಾದರಿಯ ಚಿತ್ರವಾಗಿ ಕಲ್ಪಿಸಿಕೊಂಡಿದ್ದರು. ಕೋರ್ಡಾ ಅವರಿಗೆ ಬೇಕಾಗಿದ್ದುದು ಕಣ್ಣು ಕುಕ್ಕುವ ವೈಭವ. ಇಬ್ಬರ ನಡುವೆ ಹೊಂದಿಕೆಯಾಗದೆ, ಕೋರ್ಡಾ ಬೇರೆ ಬೇರೆ ದೃಶ್ಯಗಳನ್ನು ಬೇರೆಯವರಿಗೆ ವಹಿಸುತ್ತ ಬಂದರು. ಲಂಡನ್ ಹೊರವಲಯದ ಡೆನಮ್ ಸ್ಟುಡಿಯೊದಲ್ಲಿ ಚಿತ್ರೀಕರಣ ಭರದಿಂದ ಸಾಗಿದ್ದಾಗಲೇ, 1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಸಿಡಿಯಿತು. ಬ್ರಿಟನ್ನಿನ ವಾಯುಪಡೆಯನ್ನು ಕುರಿತ ಪ್ರಚಾರ ಚಿತ್ರವೊಂದನ್ನು ತರಾತುರಿಯಲ್ಲಿ ಮುಗಿಸಲು ಕೋರ್ಡಾ ಪೊವೆಲ್ ಅವರನ್ನು ಅತ್ತ ಕಳುಹಿಸಿದರು. ಉಳಿದ ಕೆಲಸ 1940ರಲ್ಲಿ ಅಮೆರಿಕಕ್ಕೆ ಸ್ಥಳಾಂತರವಾಯಿತು. ಜಿನ್ ಅಬುವನ್ನು ಹೊತ್ತು ಹಾರುವ ಭಾಗದಲ್ಲಿ ಕಾಣುವ ಕೆಂಪು ಬಂಡೆಗಳ ಕಣಿವೆಗಳು ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಮತ್ತು ಪೇಂಟೆಡ್ ಡೆಸರ್ಟ್ ಪ್ರದೇಶದವು.

ಇಷ್ಟು ಕೈಗಳು ಸೇರಿದ ಅಡುಗೆ ಕೆಡಬೇಕಾಗಿತ್ತು, ಕೆಡಲಿಲ್ಲ. ಅದಕ್ಕೆ ಕಾರಣ ಕಲಾ ನಿರ್ದೇಶನ ಮಾಡಿದ ವಿನ್ಸೆಂಟ್ ಕೋರ್ಡಾ, ಛಾಯಾಗ್ರಾಹಕ ಜಾರ್ಜ್ ಪೆರಿನಾಲ್, ಸಂಗೀತಗಾರ ಮಿಕ್ಲೋಶ್ ರೋಝಾ ಎಂಬುದು ನನ್ನ ಎಣಿಕೆ. ನಿರ್ದೇಶಕರು ಬದಲಾದರೂ ಬಣ್ಣ, ಕಟ್ಟಡ, ರಾಗ ಮೂರೂ ಒಂದೇ ಲೋಕದವಾಗಿ ಉಳಿದವು.

ಸಾಬು ನಿಜವಾಗಿಯೂ ಕರ್ನಾಟಕದವನೇ?

ಹೌದು. ಸಾಬು 1924ರ ಜನವರಿ 27ರಂದು ಆಗಿನ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದ. ಹೆಗ್ಗಡದೇವನಕೋಟೆ ಕಡೆಯ, ಕಬಿನಿ ದಂಡೆಯ ಆ ಊರು ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ಕಾಡಿಗೆ ಹತ್ತಿರದ್ದು. ತಂದೆ ಮಹಾರಾಜರ ಆನೆಲಾಯದ ಮಾವುತ. ತಂದೆ ಬೇಗನೆ ತೀರಿಕೊಂಡ ಮೇಲೆ ಹುಡುಗ ಆ ಲಾಯದ ಆಸರೆಯಲ್ಲೇ, ಆನೆಗಳ ನಡುವೆಯೇ ಬೆಳೆದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸಾಕ್ಷ್ಯಚಿತ್ರಗಳಿಗೆ ಹೆಸರಾದ ರಾಬರ್ಟ್ ಫ್ಲಾಹರ್ಟಿ ಅವರು ಕಿಪ್ಲಿಂಗ್ ಬರೆದ ಆನೆ ಹುಡುಗನ ಕಥೆಯೊಂದನ್ನು ಚಿತ್ರವಾಗಿಸಲು ಮೈಸೂರಿಗೆ ಬಂದಾಗ, ಅವರ ತಂಡದ ಕಣ್ಣಿಗೆ ಈ ಹುಡುಗ ಬಿದ್ದ. 1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’ ಚಿತ್ರ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಗಳಿಸಿತು. ಸಾಬು ಇಂಗ್ಲೆಂಡಿಗೆ ಹೋಗಿ ಕೋರ್ಡಾ ಸಂಸ್ಥೆಯ ತಾರೆಯಾದ.

‘ಬಾಗ್ದಾದ್’ ಚಿತ್ರೀಕರಣದ ಹೊತ್ತಿಗೆ ಅವನಿಗೆ ಹದಿನೈದು ಹದಿನಾರು ವರ್ಷ. ಇಂಗ್ಲಿಷ್ ಮಾತಾಡುವವರೆಲ್ಲ ರಂಗಭೂಮಿಯ ಗತ್ತಿನಲ್ಲಿ ಅಕ್ಷರ ಅಕ್ಷರವನ್ನು ತೂಗಿ ಆಡುತ್ತಿರುವಾಗ, ಇವನೊಬ್ಬ ಮಾತನ್ನು ಆಟದಂತೆ ಎಸೆಯುತ್ತಾನೆ. ಮೈಯಂತೂ ಒಂದು ಕ್ಷಣವೂ ಸುಮ್ಮನಿರದು. ಗೋಡೆ ಹತ್ತುವುದು, ಚಾವಣಿಯಿಂದ ಚಾವಣಿಗೆ ನೆಗೆಯುವುದು, ಮರುಕ್ಷಣವೇ ಬೆನ್ನಟ್ಟಿ ಬಂದವರನ್ನು ನೋಡಿ ನಗುವುದು ಇವೆಲ್ಲ ನಟನೆಯಂತೆ ಕಾಣುವುದಿಲ್ಲ. ಒಂದು ದೊಡ್ಡ ಬ್ರಿಟಿಷ್ ಚಿತ್ರದ ನಿಜವಾದ ನಾಯಕನ ಸ್ಥಾನದಲ್ಲಿ, ವಸಾಹತು ಇನ್ನೂ ಗಟ್ಟಿಯಾಗಿದ್ದ ಆ ಕಾಲದಲ್ಲಿ, ಮಾವುತನ ಮಗನೊಬ್ಬ ನಿಂತಿದ್ದು ಸಣ್ಣ ಸಂಗತಿಯಲ್ಲ.

ಮುಂದೆ ಅವನು ಅಮೆರಿಕದಲ್ಲೇ ನೆಲೆಸಿ, 1944ರಲ್ಲಿ ಅಲ್ಲಿಯ ಪೌರನಾಗಿ, ಯುದ್ಧದಲ್ಲಿ ಬಿ–24 ಬಾಂಬರ್ ವಿಮಾನಗಳ ಬಾಲದ ಗನ್ನರ್ ಆಗಿ ಸೇವೆ ಸಲ್ಲಿಸಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪಡೆದ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಕೇವಲ 39 ವರ್ಷ.

ಹಿಂದೆ ಟಿವಿಯಲ್ಲೋ ಕ್ಯಾಸೆಟ್ಟಿನಲ್ಲೋ ನೋಡಿದ್ದಾಗ ಬಣ್ಣ ಮಂಕಾಗಿತ್ತು. ಈಗಿನ ಡಿಸ್ಕ್‌ಗಳಲ್ಲಿ ಕಾಣುವ ಇಷ್ಟು ಗಾಢ ಬಣ್ಣ ಸಹಜವಾದದ್ದೇ, ಅಥವಾ ಕಂಪ್ಯೂಟರಿನಲ್ಲಿ ತುಂಬಿದ್ದೇ?

ಗಾಢತೆ ಮೂಲದಲ್ಲೇ ಇದೆ. ಆ ಕಾಲದ ಟೆಕ್ನಿಕಲರ್ ಕ್ಯಾಮೆರಾದೊಳಗೆ ಒಂದು ಪಟ್ಟಕವಿದ್ದು, ಒಳಬಂದ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಬೇರ್ಪಡಿಸಿ ಮೂರು ಪ್ರತ್ಯೇಕ ಕಪ್ಪುಬಿಳುಪು ನೆಗೆಟಿವ್‌ಗಳ ಮೇಲೆ ಏಕಕಾಲಕ್ಕೆ ದಾಖಲಿಸುತ್ತಿತ್ತು. ಚಿತ್ರಮಂದಿರದ ಪ್ರತಿಗಳನ್ನು ತಯಾರಿಸುವಾಗ ಬಟ್ಟೆಗೆ ಅಚ್ಚೊತ್ತುವ ಹಾಗೆ ಒಂದೊಂದೇ ವರ್ಣದ್ರವ್ಯವನ್ನು ಫಿಲ್ಮಿನ ಮೇಲೆ ಒತ್ತುತ್ತಿದ್ದರು. ಹೀಗೆ ಒತ್ತಿದ ಬಣ್ಣ ಮುಂದಿನ ದಶಕಗಳ ಅಗ್ಗದ ಬಣ್ಣದ ಫಿಲ್ಮಿನಂತೆ ಬೇಗ ಮಾಸುವುದಿಲ್ಲ. ಮೂಲ ನೆಗೆಟಿವ್‌ಗಳು ಕಪ್ಪುಬಿಳುಪಿನವಾದ್ದರಿಂದ ಅವುಗಳಲ್ಲಿ ಮಾಸಲು ಬಣ್ಣವೇ ಇರುವುದಿಲ್ಲ.

ಆದರೆ ಇನ್ನೊಂದು ತೊಂದರೆಯಿದೆ. ಮೂರು ನೆಗೆಟಿವ್‌ಗಳೂ ಎಂಟು ದಶಕಗಳಲ್ಲಿ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಅವನ್ನು ಮತ್ತೆ ಒಂದರ ಮೇಲೊಂದು ಕೂರಿಸಿದಾಗ ಕೂದಲೆಳೆಯಷ್ಟು ಜರುಗಿದರೂ ಮುಖದ ಅಂಚಿನಲ್ಲಿ ಕೆಂಪು ಅಥವಾ ಹಸಿರು ಗೆರೆ ಮೂಡುತ್ತದೆ. ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲೂ ವಿಸಿಡಿಗಳಲ್ಲೂ ವಿವರವೇ ಕಡಿಮೆ ಇದ್ದುದರಿಂದ ಇದು ಒಟ್ಟಾರೆ ಮಸುಕಾಗಿ ಮಾತ್ರ ಕಾಣುತ್ತಿತ್ತು. ಕಾಳಜಿಯಿಂದ ಮಾಡಿದ ಪುನರುಜ್ಜೀವನದಲ್ಲಿ ಈ ಮೂರು ಪದರಗಳನ್ನು ಸರಿಯಾಗಿ ಹೊಂದಿಸುವುದೇ ಅರ್ಧ ಕೆಲಸ. ಒಳ್ಳೆಯ ಪ್ರತಿಯೊಂದು ಕೈಗೆ ಸಿಕ್ಕಿದೆಯೇ ಎಂದು ಪರೀಕ್ಷಿಸಲು ಮೊದಲ ಹತ್ತು ನಿಮಿಷಗಳಲ್ಲಿ ಜಾಫರನ ಮುಖದ ಹತ್ತಿರದ ನೋಟಗಳನ್ನು ಗಮನಿಸಿ: ಮುಂಡಾಸಿನ ಅಂಚು ಸ್ವಚ್ಛವಾಗಿದ್ದು, ಫೈಟ್ ಅವರ ತಿಳಿಗಣ್ಣು ಬೇರೆಯಾಗಿ ಹೊಳೆಯುತ್ತಿದ್ದರೆ ಪ್ರತಿ ಚೆನ್ನಾಗಿದೆ ಎಂದೇ ಅರ್ಥ.

ತೆರೆಯ ಎರಡೂ ಬದಿ ಕಪ್ಪು ಪಟ್ಟಿ ಬರುತ್ತಿದೆ. ಹಿಗ್ಗಿಸಿ ನೋಡಬಹುದೇ?

ದಯವಿಟ್ಟು ಬೇಡ. ಚಿತ್ರದ ಅಗಲ ಎತ್ತರಗಳ ಅನುಪಾತವೇ ಸುಮಾರು 1.37ಕ್ಕೆ 1, ಅಗಲದ ತೆರೆ ಬಂದದ್ದು 1950ರ ದಶಕದಲ್ಲಿ. ಹಿಗ್ಗಿಸಿದರೆ ಸಾಬು ಕುಳ್ಳಗೂ ಗೋಪುರಗಳು ಗಿಡ್ಡಗೂ ಕಾಣುತ್ತವೆ, ಮೇಲೆ ಕೆಳಗೆ ಕತ್ತರಿಸಿದರೆ ಜಿನ್ನಿನ ಎತ್ತರವೇ ಹೋಗುತ್ತದೆ. ಹಾಗೆಯೇ ಟಿವಿಯಲ್ಲಿರುವ ಚಲನೆ ನಯಗೊಳಿಸುವ ಸೌಲಭ್ಯವನ್ನೂ ಬಣ್ಣ ಹೆಚ್ಚಿಸುವ ‘ವಿವಿಡ್’ ಮಾದರಿಯನ್ನೂ ಆಫ್ ಮಾಡಿಬಿಡಿ. ಬಣ್ಣ ಈಗಾಗಲೇ ಸಾಕಷ್ಟಿದೆ.

ಒಂದು ಡಿಸ್ಕ್‌ನಲ್ಲಿ 106 ನಿಮಿಷ, ಇನ್ನೊಂದರಲ್ಲಿ 102 ನಿಮಿಷ ಎಂದಿದೆ. ಏನಾದರೂ ಕತ್ತರಿಸಿದ್ದಾರೆಯೇ?

ಹೆಚ್ಚಾಗಿ ಇಲ್ಲ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ಯುರೋಪು ಮತ್ತು ಭಾರತದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗಳಲ್ಲಿ ಅದನ್ನು 25ಕ್ಕೆ ಏರಿಸುತ್ತಾರೆ. ಆದ್ದರಿಂದ 106 ನಿಮಿಷದ ಚಿತ್ರ ಸುಮಾರು 102 ನಿಮಿಷಕ್ಕೆ ಮುಗಿಯುತ್ತದೆ. ಮಾತು, ಸಂಗೀತ ಎರಡೂ ಶೇಕಡ 4ರಷ್ಟು ಚುರುಕಾಗಿ, ಸ್ವರವೂ ತುಸು ಏರಿ ಕೇಳುತ್ತದೆ. ಸಂಗೀತದ ಕಿವಿಯಿರುವವರಿಗೆ ರೋಝಾ ಅವರ ವಾದ್ಯವೃಂದದಲ್ಲಿ ಇದು ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗುವುದಿಲ್ಲ.

ಹೊರದೇಶದಲ್ಲಿರುವ ನೆಂಟರಿಂದ ಡಿಸ್ಕ್ ತರಿಸಿಕೊಂಡರೆ ಇಲ್ಲಿಯ ಪ್ಲೇಯರಿನಲ್ಲಿ ಓಡುತ್ತದೆಯೇ?

ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆಂದು ತಿಳಿಸುವ ಪ್ರದೇಶ ಸಂಕೇತವನ್ನು ನೋಡಬೇಕು. ಡಿವಿಡಿಗಳಲ್ಲಿ ಅಮೆರಿಕ 1, ಬ್ರಿಟನ್ 2, ಭಾರತ 5. ಬ್ಲೂ–ರೇಗಳಲ್ಲಿ ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ಎಲ್ಲ ಪ್ರದೇಶಗಳ ಡಿಸ್ಕ್‌ಗಳನ್ನೂ ಓದುವ ಪ್ಲೇಯರ್ ಇದ್ದರೆ ಈ ಗೋಜಲಿಲ್ಲ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿ ಇಲ್ಲಿಯ ಟಿವಿಗಳಿಗೆ ಈಗ ಸಮಸ್ಯೆಯಲ್ಲ.

ಯಾವ ಪ್ರತಿ ಕೊಳ್ಳುವುದು ಒಳ್ಳೆಯದು?

ಚಿತ್ರವನ್ನು ಒಮ್ಮೆ ನೋಡಿ ಬಿಡುವವರಿಗೆ ಸ್ವಚ್ಛವಾದ ಯಾವ ಪ್ರತಿಯಾದರೂ ನಡೆಯುತ್ತದೆ. ಅದರ ಒಳಹೊರಗನ್ನು ತಿಳಿಯಬೇಕೆನ್ನುವವರು ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2008ರಲ್ಲಿ ಹೊರತಂದ ಎರಡು ಡಿವಿಡಿಗಳ ಆವೃತ್ತಿಯನ್ನು ಹುಡುಕಬಹುದು. ಮಾರ್ಟಿನ್ ಸ್ಕಾರ್ಸೆಸಿ ಮತ್ತು ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಚಿತ್ರದುದ್ದಕ್ಕೂ ಮಾತಾಡುವ ವ್ಯಾಖ್ಯಾನ ಅದರಲ್ಲಿದೆ. ದೊಡ್ಡ ನಿರ್ದೇಶಕರಿಬ್ಬರು ತಾವು ಹುಡುಗರಾಗಿದ್ದಾಗ ಬೆರಗಾದ ಕ್ಷಣಗಳನ್ನು ಹೆಕ್ಕಿ ತೋರಿಸುವುದನ್ನು ಕೇಳುವುದೇ ಒಂದು ಸೊಗಸು. ದೃಶ್ಯ ಚಮತ್ಕಾರಗಳ ಬಗ್ಗೆ ಆ ಕಲೆಯ ನಿಪುಣರಾದ ರೇ ಹ್ಯಾರಿಹೌಸನ್, ಡೆನ್ನಿಸ್ ಮ್ಯೂರನ್ ಮೊದಲಾದವರು ಮಾತಾಡುವ ಸಾಕ್ಷ್ಯಚಿತ್ರ, ರೋಝಾ ಅವರ ಬಾನುಲಿ ಸಂದರ್ಶನ, ಪೊವೆಲ್ ತಮ್ಮ ಆತ್ಮಕಥೆಗಾಗಿ ಧ್ವನಿಮುದ್ರಿಸಿಕೊಂಡ ಮಾತುಗಳ ಭಾಗ, ಜೊತೆಗೆ ಪೊವೆಲ್ ಅವರನ್ನು ಅರ್ಧದಲ್ಲಿ ಕರೆದೊಯ್ದ ಆ ಪ್ರಚಾರ ಚಿತ್ರ ‘ದಿ ಲಯನ್ ಹ್ಯಾಸ್ ವಿಂಗ್ಸ್’ ಕೂಡ ಅದರಲ್ಲೇ ಸೇರಿದೆ. ಎರಡನ್ನೂ ಒಂದರ ಹಿಂದೊಂದು ನೋಡಿದರೆ, ಒಂದೇ ಸ್ಟುಡಿಯೊ ಒಂದೇ ವರ್ಷದಲ್ಲಿ ಕನಸಿನಿಂದ ಯುದ್ಧಕ್ಕೆ ಹೊರಳಿದ ವೇಗ ಅರಿವಾಗುತ್ತದೆ.

ಹಾರುವ ಜಮಖಾನ, ಕುದುರೆಗಳ ಸುತ್ತ ತೆಳುವಾದ ಗೆರೆ ಕಾಣುತ್ತದೆ. ಡಿಸ್ಕಿನ ದೋಷವೇ?

ಅಲ್ಲ. ಅದು 1940ರ ಕೈಗೆಲಸದ ಗುರುತು. ನೀಲಿ ಪರದೆಯ ಮುಂದೆ ನಟರನ್ನು ಚಿತ್ರಿಸಿ, ಆಮೇಲೆ ಆ ನೀಲಿಯ ಜಾಗದಲ್ಲಿ ಆಕಾಶವನ್ನೋ ನಗರವನ್ನೋ ಕೂರಿಸುವ ವಿಧಾನವನ್ನು ವರ್ಣಚಿತ್ರಕ್ಕೆ ಒಗ್ಗಿಸಿದ ಹಿರಿಮೆ ಈ ಚಿತ್ರದ ಲಾರೆನ್ಸ್ ಬಟ್ಲರ್ ಅವರಿಗೆ ಸಲ್ಲುತ್ತದೆ. ಮೂರು ಬಣ್ಣಗಳು ಮೂರು ಬೇರೆ ನೆಗೆಟಿವ್‌ಗಳಲ್ಲಿ ಇರುತ್ತಿದ್ದುದೇ ಇದಕ್ಕೆ ಅನುಕೂಲವಾಯಿತು. ನೀಲಿ ದಾಖಲೆಯಲ್ಲಿ ಪರದೆ ಬೆಳ್ಳಗೆ ಹೊಳೆಯುತ್ತದೆ, ಕೆಂಪು ದಾಖಲೆಯಲ್ಲಿ ಕತ್ತಲಾಗಿರುತ್ತದೆ. ಈ ವ್ಯತ್ಯಾಸವನ್ನು ಹಿಡಿದು ನಟನ ಆಕೃತಿಯ ಕಪ್ಪು ಮುಸುಕೊಂದನ್ನೂ ಅದಕ್ಕೆ ತದ್ವಿರುದ್ಧವಾದ ಇನ್ನೊಂದನ್ನೂ ತಯಾರಿಸಿ, ಫಿಲ್ಮಿನಿಂದ ಫಿಲ್ಮಿಗೆ ನಕಲಿಳಿಸುವ ಆಪ್ಟಿಕಲ್ ಪ್ರಿಂಟರಿನಲ್ಲಿ ಹಿನ್ನೆಲೆ ಮತ್ತು ಮುನ್ನೆಲೆಯನ್ನು ಒಂದೇ ಫಿಲ್ಮಿನ ಮೇಲೆ ಸರದಿಯಂತೆ ಮುದ್ರಿಸುತ್ತಿದ್ದರು. ಮುಸುಕು ಎಳೆಯಷ್ಟು ಆಚೀಚೆಯಾದರೂ ಗೆರೆ ಉಳಿಯುತ್ತದೆ. ಇಂದು ಹವಾಮಾನ ವರದಿ ಓದುವವರ ಹಿಂದೆ ನಕ್ಷೆ ಮೂಡಿಸುವ ತಂತ್ರದ ಪೂರ್ವಜನೇ ಇದು. ಪರದೆ ಹಸಿರಾಗಿದೆ, ಲೆಕ್ಕ ಕಂಪ್ಯೂಟರಿನ ಪಾಲಾಗಿದೆ, ಅಷ್ಟೆ.

ಎಲ್ಲವೂ ನೀಲಿ ಪರದೆಯದಲ್ಲ ಎಂಬುದನ್ನೂ ಗಮನಿಸಬೇಕು. ಬಂದರು ಮತ್ತು ನಗರಗಳ ದೂರದ ಭಾಗಗಳೆಷ್ಟೋ ಪರ್ಸಿ ಡೇ ಅವರ ಬಳಗ ಗಾಜಿನ ಮೇಲೆ ಬರೆದ ಚಿತ್ರಗಳು. ಜಿನ್ನಿನ ಪಾದವನ್ನು ನಿಜ ಗಾತ್ರದಲ್ಲೇ, ಅಂದರೆ ಸಾಬು ಅದರಡಿ ಸಿಕ್ಕಿಕೊಳ್ಳುವಷ್ಟು ದೊಡ್ಡದಾಗಿ ಕಟ್ಟಿದ್ದರು. ಈ ಪಾದದ ಉಗುರುಗಳನ್ನೊಮ್ಮೆ ಚಿತ್ರ ನಿಲ್ಲಿಸಿ ನೋಡಿ, ಮಾಡಿದವರ ಚೇಷ್ಟೆ ಅರ್ಥವಾಗುತ್ತದೆ. ಈ ಎಲ್ಲ ಕೆಲಸಕ್ಕೆ ಬಟ್ಲರ್ ಮತ್ತು ಧ್ವನಿ ಪರಿಣಾಮಗಳ ಜ್ಯಾಕ್ ವಿಟ್ನಿ ಅವರಿಗೆ ಆಸ್ಕರ್ ಬಂತು. ವರ್ಣ ಛಾಯಾಗ್ರಹಣ ಮತ್ತು ವರ್ಣಚಿತ್ರದ ಕಲಾ ನಿರ್ದೇಶನದ ಆಸ್ಕರ್‌ಗಳೂ ಇದೇ ಚಿತ್ರಕ್ಕೆ ಸಂದವು. ಗೆರೆಗಳನ್ನು ಕಂಪ್ಯೂಟರಿನಿಂದ ಅಳಿಸಬೇಕಿತ್ತು ಎಂದು ಬಯಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹಳೆಯ ನಾಟಕದ ಪರದೆಯ ಮಡಿಕೆಗಳನ್ನು ಇಸ್ತ್ರಿ ಮಾಡಿ ನೋಡುವವರಿಗೆ ನಾಟಕ ಸಿಗುವುದಿಲ್ಲ.

ಇಡೀ ಚಿತ್ರದಲ್ಲಿ ಒಂದೇ ದೃಶ್ಯವನ್ನು ಮತ್ತೆ ನೋಡಬೇಕೆಂದರೆ ಯಾವುದು?

ಸೀಸೆಯ ದೃಶ್ಯ. ಹಡಗು ಒಡೆದು ಅಬು ಒಬ್ಬಂಟಿಯಾಗಿ ಕಡಲ ದಂಡೆಗೆ ಬಂದು ಬಿದ್ದಿದ್ದಾನೆ. ಮರಳಿನಲ್ಲಿ ಸೀಸೆಯೊಂದು ಸಿಗುತ್ತದೆ. ಮುಚ್ಚಳ ಕಿತ್ತೊಡನೆ ಕಪ್ಪು ಹೊಗೆ ಕಂಬವಾಗಿ ಏಳುತ್ತದೆ. ಹೊಗೆ ಗಟ್ಟಿಯಾಗುತ್ತ ಹೋಗಿ, ಆಕಾಶದ ಅರ್ಧವನ್ನು ತುಂಬಿ ನಿಂತ ಜಿನ್ ಆಗುತ್ತದೆ. ಸೊಲೊಮನ್ ದೊರೆಯ ಕಾಲದಿಂದ ಸೆರೆಯಲ್ಲಿದ್ದ ಜಿನ್ ತನ್ನನ್ನು ಬಿಡಿಸಿದವನನ್ನೇ ತುಳಿದು ಕೊಲ್ಲುವುದಾಗಿ ಅಬ್ಬರಿಸುತ್ತಾನೆ. ಇಷ್ಟು ದೊಡ್ಡವನು ಇಷ್ಟು ಚಿಕ್ಕ ಸೀಸೆಯೊಳಗೆ ಇದ್ದನೆಂದು ನಂಬಲು ತನ್ನಿಂದಾಗದೆಂದು ಅಬು ಪಾದದಡಿಯಿಂದಲೇ ಚೌಕಾಸಿಗಿಳಿಯುತ್ತಾನೆ. ಜಂಬದ ಜಿನ್ ಮತ್ತೆ ಹೊಗೆಯಾಗಿ ಒಳಗೆ ಹೋಗಿ ತೋರಿಸುತ್ತಾನೆ. ಅಬು ಮುಚ್ಚಳ ಬಿಗಿಯುತ್ತಾನೆ.

ಈ ಯುಕ್ತಿ ಅರೇಬಿಯನ್ ಇರುಳುಗಳ ಬೆಸ್ತನ ಕಥೆಯಿಂದ ನೇರವಾಗಿ ಬಂದದ್ದು. ಜಾಫರನ ಯಂತ್ರದ ಹಾರುವ ಕುದುರೆಗೂ ಅದೇ ಸಂಕಲನದ ಕರಿಮರದ ಕುದುರೆಯ ಕಥೆಯೇ ಮೂಲ. ಆದರೆ ಬೆಸ್ತನ ಕಥೆಯಲ್ಲಿಲ್ಲದ ಒಂದು ಗುಟುಕು ಇಲ್ಲಿದೆ: ಮೂರು ವರಗಳ ಮಾತಾದ ಮೇಲೆ, ಹಸಿದ ಅಬು ಹಿಂದುಮುಂದು ನೋಡದೆ ಅಮ್ಮ ಮಾಡುತ್ತಿದ್ದಂಥ ಸಾಸೇಜ್ ಬೇಕೆನ್ನುತ್ತಾನೆ. ಬಾಣಲೆಯಲ್ಲಿ ಚುರುಗುಡುತ್ತ ಅದು ಪ್ರತ್ಯಕ್ಷವಾಗುತ್ತದೆ. ಬಾಗ್ದಾದಿನ ಹುಡುಗನ ಬಯಕೆ ಲಂಡನ್ನಿನ ಅಡುಗೆಮನೆಯದಾಯಿತೇ ಎಂದು ದೊಡ್ಡವರು ನಗಬಹುದು. ಮಕ್ಕಳು ಮಾತ್ರ ಒಂದು ವರ ಹಾಳಾಯಿತಲ್ಲ ಎಂದು ಕೈ ಹಿಸುಕಿಕೊಳ್ಳುತ್ತಾರೆ. ಜಿನ್ ಪಾತ್ರದ ರೆಕ್ಸ್ ಇಂಗ್ರಮ್ ಆಫ್ರಿಕನ್–ಅಮೆರಿಕನ್ ನಟ. ಅದೇ ಹೆಸರಿನ ಐರಿಷ್ ನಿರ್ದೇಶಕನೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ನಟ ಇಂಗ್ರಮ್ ಅವರ ನಗು ಚಿತ್ರದ ಅರ್ಧ ಚಮತ್ಕಾರ.

ಚಿಕ್ಕ ಮಕ್ಕಳು ಹೆದರುವ ಭಾಗಗಳಿವೆಯೇ?

ಇವೆ. ದೇವಾಲಯದ ಬೃಹತ್ ವಿಗ್ರಹವನ್ನು ಹತ್ತುವಾಗ ಬಲೆಯಲ್ಲಿ ಎದುರಾಗುವ ದೈತ್ಯ ಜೇಡ ಒಂದು. ಅದು ಗೊಂಬೆಯೆಂದು ದೊಡ್ಡವರಿಗೆ ತಕ್ಷಣ ತಿಳಿಯುತ್ತದೆ, ಐದು ವರ್ಷದವರಿಗೆ ತಿಳಿಯುವುದಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಕರಾಳವಾದದ್ದು ಬೆಳ್ಳಿಯ ಗೊಂಬೆಯ ದೃಶ್ಯ. ಬಸ್ರಾದ ಸುಲ್ತಾನ ಆಟಿಕೆಗಳ ಹುಚ್ಚಿನ ಮುದುಕ. ಚಿತ್ರಕಥೆಯಲ್ಲಿ ಕೈಜೋಡಿಸಿದ ಮೈಲ್ಸ್ ಮ್ಯಾಲಿಸನ್ ಅವರೇ ಆ ಪಾತ್ರ ಮಾಡಿದ್ದಾರೆ. ಜಾಫರ್ ಕೊಟ್ಟ ಹಲವು ಕೈಗಳ ನರ್ತಕಿ ಗೊಂಬೆಯನ್ನು ಅವನು ಮಗುವಿನಂತೆ ಅಪ್ಪಿಕೊಳ್ಳುತ್ತಾನೆ, ಅದರ ಕೈಯೊಂದು ಅವನ ಬೆನ್ನಿಗೆ ಇರಿಯುತ್ತದೆ. ರಕ್ತ ಕಾಣುವುದಿಲ್ಲ, ಕಿರುಚಾಟವಿಲ್ಲ. ಅಷ್ಟರವರೆಗೆ ನಗಿಸಿದ ಮುದುಕ ಹೀಗೆ ಸಾಯುವುದು ಮಕ್ಕಳ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಏಳೆಂಟು ವರ್ಷ ದಾಟಿದವರೊಂದಿಗೆ, ಪಕ್ಕದಲ್ಲಿ ಕುಳಿತು ನೋಡುವುದು ಸೂಕ್ತ.

ಇಂಗ್ಲಿಷ್ ಅಷ್ಟಾಗಿ ಬಾರದ ಮಕ್ಕಳಿಗೆ ಅರ್ಥವಾಗುತ್ತದೆಯೇ?

ಅರ್ಥವಾಗುತ್ತದೆ. ಚಿತ್ರದ ಮುಖ್ಯ ತಿರುವುಗಳೆಲ್ಲ ಕಣ್ಣಿಗೆ ಕಾಣುವಂಥವು. ಅಹ್ಮದ್ ಮತ್ತು ರಾಜಕುಮಾರಿಯ ಸಂಭಾಷಣೆಗಳು ಉದ್ದವಾಗಿವೆ. ಅವುಗಳ ಸಾರವನ್ನು ಮನೆಯ ಹಿರಿಯರು ಒಂದೆರಡು ಮಾತಿನಲ್ಲಿ ಹೇಳಿಬಿಟ್ಟರೆ ಏನೂ ನಷ್ಟವಿಲ್ಲ.

ಪ್ರೇಮದ ಭಾಗ ಈಗ ನೀರಸವಾಗಿ ಕಾಣುವುದು ನನಗೊಬ್ಬನಿಗೇನೋ?

ಬಹುಪಾಲು ಜನರಿಗೆ ಹಾಗೇ ಅನ್ನಿಸುತ್ತದೆ. ಅಹ್ಮದನ ಪಾತ್ರದ ಜಾನ್ ಜಸ್ಟಿನ್ ಸುಂದರ, ರಾಜಕುಮಾರಿಯ ಪಾತ್ರದ ಜೂನ್ ಡ್ಯೂಪ್ರೆ ಇನ್ನೂ ಸುಂದರಿ, ಇಬ್ಬರ ಮಾತೂ ಪಾಠ ಒಪ್ಪಿಸಿದ ಹಾಗಿದೆ. ಆದರೆ ಉದ್ಯಾನದ ಕೊಳದ ದೃಶ್ಯವನ್ನು ಈ ಮಾತಿನಿಂದ ಹೊರಗಿಡಬೇಕು. ಮೇಲೆ ಮರದಲ್ಲಿ ಅಡಗಿದ ಅಹ್ಮದನ ಪ್ರತಿಬಿಂಬವನ್ನು ನೀರಿನಲ್ಲಿ ಕಂಡ ರಾಜಕುಮಾರಿ, ಅವನನ್ನು ಕೊಳದಲ್ಲಿ ವಾಸಿಸುವ ಜಿನ್ ಎಂದೇ ಬಗೆದು, ತಲೆ ಎತ್ತದೆ ನೀರಿನೊಂದಿಗೇ ಮಾತಾಡುತ್ತಾಳೆ. ಇಲ್ಲಿ ಇಬ್ಬರೂ ಪಾತ್ರಗಳಾಗಿ ಜೀವ ತಳೆಯುತ್ತಾರೆ.

ನಿಜ ಹೇಳಬೇಕೆಂದರೆ ಚಿತ್ರದ ಪ್ರೇಮಾವೇಶವೆಲ್ಲ ಖಳನಾಯಕನಲ್ಲಿದೆ. ನಾತ್ಸಿಗಳು ಅಧಿಕಾರಕ್ಕೆ ಬಂದಾಗ, ಯಹೂದಿ ಮಡದಿಯೊಂದಿಗೆ ಜರ್ಮನಿ ತೊರೆದು ಬಂದಿದ್ದ ಕಾನ್ರಾಡ್ ಫೈಟ್, ಮೂಕಿ ಕಾಲದಲ್ಲಿ ‘ಡಾಕ್ಟರ್ ಕ್ಯಾಲಿಗರಿ’ಯ ನಿದ್ರಾಚಾರಿಯಾಗಿ ಹೆಸರು ಮಾಡಿದವರು. ಅವರ ಜಾಫರ್ ರಾಜಕುಮಾರಿಯನ್ನು ಮಾಟದಿಂದ ವಶಪಡಿಸಿಕೊಳ್ಳಬಲ್ಲ, ಆದರೂ ಅವಳು ತಾನಾಗಿ ಒಲಿಯಬೇಕೆಂದು ಹಟ ಹಿಡಿದಿದ್ದಾನೆ. ಎಲ್ಲವನ್ನೂ ಮರೆಸುವ ನೀಲಿ ಗುಲಾಬಿಯ ಮೊರೆ ಹೋಗುವಷ್ಟರಲ್ಲಿ ಅವನ ಸೋಲು ಅವನ ಮುಖದಲ್ಲೇ ಬರೆದಿರುತ್ತದೆ.

ಪೂರ್ವ ದೇಶಗಳನ್ನು ತೋರಿಸಿರುವ ರೀತಿಯ ಬಗ್ಗೆ ಇಂದು ಏನು ಹೇಳಬೇಕು?

ಮುಚ್ಚಿಡುವಂಥದ್ದೇನಿಲ್ಲ. ಇದು ಹಂಗೇರಿಯ ಅಣ್ಣತಮ್ಮಂದಿರು ಇಂಗ್ಲೆಂಡಿನಲ್ಲಿ ಕಟ್ಟಿದ ಬಾಗ್ದಾದ್. ಅರಬ್ ಬಜಾರು, ಹಲವು ಕೈಗಳ ವಿಗ್ರಹದಂಥ ಗೊಂಬೆ, ಹಿಮಶಿಖರದ ಮೇಲಿನ ದೇವಿ ಇವೆಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿದ್ದಾರೆ. ಪೂಜೆಯ ಮೂರ್ತಿಗಳನ್ನು ಬಲ್ಲ ಮನೆಯವರಿಗೆ ಕೊಲ್ಲುವ ಬಹುಭುಜದ ಗೊಂಬೆ ಇರಿಸುಮುರಿಸು ತಂದರೆ ಅದು ಸಹಜ. ಕಪ್ಪು ನಟನೊಬ್ಬನಿಗೆ ಜಿನ್ನಿನ ಪಾತ್ರ, ಬಿಳಿಯರಿಗೆ ರಾಜಮನೆತನದ ಪಾತ್ರಗಳು ಎಂಬ ಹಂಚಿಕೆಯೂ ಆ ಕಾಲದ್ದೇ. ಇದನ್ನೆಲ್ಲ ಹನ್ನೆರಡು ದಾಟಿದ ಮಕ್ಕಳೊಂದಿಗೆ ಬಿಚ್ಚಿ ಮಾತಾಡಬಹುದು.

ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಚಿತ್ರದಲ್ಲಿ ಬುದ್ಧಿ ಓಡಿಸುವವನು, ತಂತ್ರ ಹೂಡುವವನು, ಕೊನೆಗೆ ಜಾಫರನನ್ನು ಕೊಲ್ಲುವವನು ಸಾಬುವಿನ ಅಬುವೇ. ಜಿನ್ ಕೂಡ ಯಾರ ಗುಲಾಮನಾಗಿಯೂ ಉಳಿಯುವುದಿಲ್ಲ. ಮುನಿಸಿನ ಭರದಲ್ಲಿ ಅಬು ಮೂರನೆಯ ವರವನ್ನು ಖರ್ಚು ಮಾಡಿದೊಡನೆ, ಅವನನ್ನು ಬಂಡೆಗಳ ನಡುವೆ ಬಿಟ್ಟು ಗಹಗಹಿಸುತ್ತ ತನ್ನ ದಾರಿ ಹಿಡಿಯುತ್ತಾನೆ.

ಹಾಡುಗಳಿವೆಯೇ?

ಬೆರಳೆಣಿಕೆಯಷ್ಟಿವೆ. ಸಂಗೀತದ ಹೊಣೆಯನ್ನು ಬರ್ಗರ್ ಮೊದಲು ಒಪ್ಪಿಸಿದ್ದುದು ವಿಯೆನ್ನಾದ ಆಸ್ಕರ್ ಸ್ಟ್ರೌಸ್ ಅವರಿಗೆ. ಆ ಜಾಗಕ್ಕೆ ಬಂದವರು ಬುಡಾಪೆಸ್ಟಿನ ರೋಝಾ. ಹಡಗಿಗನಾಗಬೇಕೆಂದು ಅಬು ಹಾಡುವ ಪುಟ್ಟ ಹಾಡು ನಾಲಿಗೆಯ ಮೇಲೆ ಉಳಿಯುವಂಥದ್ದು. ರೋಝಾ ಈ ಚಿತ್ರದ ಕೆಲಸಕ್ಕೆಂದೇ ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆಸಿದರು.

ಡಿಸ್ನಿಯ ‘ಅಲಾದಿನ್’ ಇದರ ನಕಲೇ?

ನಕಲು ಎಂಬುದು ಹೆಚ್ಚಾಯಿತು, ಸಾಲ ದೊಡ್ಡದೇ. ಕೆಟ್ಟ ವಜೀರನ ಹೆಸರು ಜಾಫರ್, ಕಳ್ಳತನದಲ್ಲಿ ಪಳಗಿದ ಸಂಗಾತಿಯ ಹೆಸರು ಅಬು, ಆಟಿಕೆಗಳ ಹುಚ್ಚಿನ ಬೆಳ್ಳಗಡ್ಡದ ಸುಲ್ತಾನ ಇವೆಲ್ಲ 1940ರ ಚಿತ್ರದಿಂದ 1992ರ ಅನಿಮೇಷನ್ನಿಗೆ ಹರಿದು ಬಂದವು. ಅಲ್ಲಿ ಅಬು ಕೋತಿಯಾಗಿದ್ದಾನೆ. ಅನಿಮೇಷನ್ ಮೊದಲು ನೋಡಿದ ಮಕ್ಕಳಿಗೆ ಈ ಹಳೆಯ ಚಿತ್ರದಲ್ಲಿ ಗುರುತು ಹಿಡಿಯುವ ಆಟವೇ ಒಂದು ಆಕರ್ಷಣೆ.

ಕೊನೆಯಲ್ಲಿ ಅಬು ಅರಮನೆ ಬಿಟ್ಟು ಹೋಗುವುದೇಕೆ?

ಅಹ್ಮದ್ ಅವನನ್ನು ಶಾಲೆಗೆ ಕಳುಹಿಸಿ, ಮುಂದೆ ತನ್ನ ವಜೀರನನ್ನಾಗಿ ಮಾಡುವುದಾಗಿ ಸಭೆಯ ಮುಂದೆ ಸಾರುತ್ತಾನೆ. ಶಾಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹುಡುಗ ಜಮಖಾನ ಹತ್ತಿ ಹಾರಿಬಿಡುತ್ತಾನೆ. ಮಕ್ಕಳು ಈ ಜಾಗದಲ್ಲಿ ಚಪ್ಪಾಳೆ ತಟ್ಟದೆ ಇದ್ದುದನ್ನು ನಾನು ಕಂಡಿಲ್ಲ.

ಸಾಬುವಿನ ಬೇರೆ ಯಾವ ಚಿತ್ರಗಳನ್ನು ಮನೆಯಲ್ಲಿ ನೋಡಬಹುದು?

ಮೈಸೂರಿನ ಕಾಡು, ಆನೆ, ಹೊಳೆಗಳನ್ನು ನೋಡಬೇಕೆನ್ನುವವರಿಗೆ ‘ಎಲಿಫೆಂಟ್ ಬಾಯ್’. ಅದರ ಹೊರಾಂಗಣ ಭಾಗಗಳು ಇಲ್ಲಿಯವು, ಉಳಿದವನ್ನು ಝೋಲ್ಟಾನ್ ಕೋರ್ಡಾ ಡೆನಮ್ ಸ್ಟುಡಿಯೊದಲ್ಲಿ ಸೇರಿಸಿದರು. ಜೋಡಣೆ ಎಲ್ಲಿ ಎಂಬುದು ಬೆಳಕನ್ನು ನೋಡಿದರೇ ತಿಳಿಯುತ್ತದೆ. ಮಕ್ಕಳಿಗೆ 1942ರ ‘ಜಂಗಲ್ ಬುಕ್’ ಹಿಡಿಸುತ್ತದೆ: ಸಾಬು ಮೋಗ್ಲಿ, ನಿರ್ದೇಶನ ಝೋಲ್ಟಾನ್, ಸಂಗೀತ ಮತ್ತೆ ರೋಝಾ. ಅದರ ಅಗ್ಗದ ಡಿಸ್ಕ್‌ಗಳು ಸಾಕಷ್ಟಿದ್ದು, ಹೆಚ್ಚಿನವುಗಳಲ್ಲಿ ಬಣ್ಣ ಕೆಟ್ಟಿರುತ್ತದೆ, ನೋಡಿ ಕೊಳ್ಳಬೇಕು. ಪೊವೆಲ್ ಅವರೇ ಎಮೆರಿಕ್ ಪ್ರೆಸ್‌ಬರ್ಗರ್ ಜೊತೆಗೂಡಿ 1947ರಲ್ಲಿ ಮಾಡಿದ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಸಾಬು ಯುವ ಜನರಲ್ ಆಗಿ ಕಾಣಿಸಿಕೊಳ್ಳುತ್ತಾನೆ. ಅದು ದೊಡ್ಡವರ ಚಿತ್ರ. ಮಕ್ಕಳು ಮಲಗಿದ ಮೇಲೆ ಹಾಕಿಕೊಳ್ಳುವುದು ವಾಸಿ.